ನಾಗರತ್ನಾ ಬರೆದ ಷರಾ

ರಕ್ತನಿಧಿಯಲ್ಲಿ ಹತ್ತೊಂಬತ್ತು ವರ್ಷ ದುಡಿದ ನಾಗರತ್ನಾ ಒಂದು ಸಲವೂ ರಕ್ತ ಕೊಟ್ಟವಳಲ್ಲ. ಮನಸ್ಸಿಲ್ಲದೆ ಅಲ್ಲ. ವರ್ಷಕ್ಕೊಮ್ಮೆ ತಪ್ಪದೆ ಬೆರಳು ಚುಚ್ಚಿಸಿಕೊಳ್ಳುತ್ತಿದ್ದಳು, ಹಿಮೋಗ್ಲೋಬಿನ್ ಹತ್ತನ್ನು ದಾಟುತ್ತಿರಲಿಲ್ಲ. ಲ್ಯಾಬಿನ ಪರ್ವೇಜ್ ಚೀಟಿ ತೋರಿಸಿ, "ಅಕ್ಕಾ, ಹಿಂಗಾದ್ರ ನಿಮಗೇ ಒಂದು ಬಾಟಲಿ ಹಚ್ಚಬೇಕಾಗ್ತದ ನೋಡ್ರಿ" ಎಂದು ನಗುತ್ತಿದ್ದ. ಅವಳೂ ನಕ್ಕು ತನ್ನ ಟೇಬಲ್ಲಿಗೆ ಮರಳುತ್ತಿದ್ದಳು. ಕೊಡುವವರನ್ನು ನೆನಪಿಟ್ಟುಕೊಳ್ಳುವುದು ತನ್ನ ಪಾಲಿಗೆ ಬಂದ ಕೆಲಸ ಎಂದು ಒಪ್ಪಿಕೊಂಡಿದ್ದಳು.

ಅವಳು ಹುಟ್ಟಿದ್ದು ಕಮಲಾಪುರದಲ್ಲಿ. ತಂದೆ ದೌಲಪ್ಪ ಬಸ್ ಸ್ಟ್ಯಾಂಡಿನಲ್ಲಿ ಕೆಂಪು ಬಾಳೆಯ ಗೊನೆಗಳನ್ನು ಬಸ್ಸಿನ ನೆತ್ತಿಗೆ ಏರಿಸುತ್ತಿದ್ದ. ಯಾವ ಗೊನೆ ಯಾರ ಹೊಲದ್ದು, ಯಾವ ಊರಿನಲ್ಲಿ ಇಳಿಯಬೇಕು ಎಂದು ಚೀಟಿ ಬರೆದು ಕಟ್ಟುವುದು ಮಗಳ ಕೆಲಸ. ಮುಂದೆ ದಿನಾ ಬಸ್ಸಿನಲ್ಲಿ ಕಲಬುರಗಿಗೆ ಬಂದು ಬಿ.ಕಾಂ. ಮುಗಿಸಿದಳು. ಕಲಬುರಗಿ ಪಕ್ಕದ ನಂದೂರಿನ ಬೇಳೆ ಮಿಲ್ಲೊಂದರಲ್ಲಿ ಮೋಟಾರು ರಿಪೇರಿ ಮಾಡುವ ಮಹಾದೇವನನ್ನು ಮದುವೆಯಾದಳು. ಕಲಬುರಗಿಯ ಒಂದು ಟ್ರಸ್ಟು ನಡೆಸುವ ರಕ್ತನಿಧಿಯಲ್ಲಿ ಗುಮಾಸ್ತೆ ಬೇಕೆಂದು ಯಾರೋ ಹೇಳಿದರು, ಹೋಗಿ ಸೇರಿದಳು. ರಕ್ತ ಕಂಡರೆ ಅವಳಿಗೆ ತಲೆ ಸುತ್ತುತ್ತಿತ್ತು; ಆ ವಿಷಯ ಸಂದರ್ಶನದಲ್ಲಿ ಹೇಳಲಿಲ್ಲ.

ಆಗ ದಾನಿಗಳ ಹೆಸರೆಲ್ಲ ದಪ್ಪ ರಿಜಿಸ್ಟರುಗಳಲ್ಲಿ ಇರುತ್ತಿದ್ದವು. ಓ ನೆಗೆಟಿವ್ ಗುಂಪಿನವರು ಬೇಕೆಂದು ಯಾರಾದರೂ ಓಡಿ ಬಂದರೆ ನಾಲ್ಕು ರಿಜಿಸ್ಟರು ಹರಡಿಕೊಂಡು ಬೆರಳಾಡಿಸುತ್ತ ಕೂರಬೇಕು. ಹುಡುಕುವಷ್ಟರಲ್ಲಿ ಎದುರಿಗೆ ನಿಂತವರ ಮುಖ ಕಪ್ಪಿಡುತ್ತಿತ್ತು. ಅದನ್ನು ಸಹಿಸಲಾರದೆ ನಾಗರತ್ನಾ ಸೂಪರ್ ಮಾರ್ಕೆಟ್ ಎಂಬ ಪೇಟೆಯಲ್ಲಿದ್ದ ಕಂಪ್ಯೂಟರ್ ಕ್ಲಾಸಿಗೆ ಆರು ತಿಂಗಳು ಹೋದಳು. ಕಲಿಸುವವನ ಬೆನ್ನು ಬಿದ್ದು, ಕಾಗದದ ಮೇಲೆ ಬರೆದು ಅಳಿಸಿ, ೨೦೧೨ರಲ್ಲಿ ಒಂದು ಸಣ್ಣ ಪ್ರೋಗ್ರಾಮು ತಾನೇ ಮಾಡಿದಳು. ದೊಡ್ಡ ಆಫೀಸುಗಳ ಡೇಟಾಬೇಸಿಗೆ ಬೇರೆಯೇ ಯಂತ್ರ, ಅದನ್ನು ಕಾಯಲು ಬೇರೆಯೇ ಮನುಷ್ಯ ಬೇಕು. ಇವಳದಕ್ಕೆ ಅದೇನೂ ಬೇಕಿರಲಿಲ್ಲ. ಪ್ರೋಗ್ರಾಮಿನ ಹೊಟ್ಟೆಯಲ್ಲೇ ಕೂತ ಒಂದೇ ಒಂದು ಫೈಲು, ದಾನಿಗಳೆಲ್ಲ ಅದರೊಳಗೆ. ಪೆನ್ ಡ್ರೈವಿಗೆ ಹಾಕಿ ಕುಪ್ಪಸದೊಳಗೆ ಇಟ್ಟುಕೊಂಡು ಹೋಗಬಹುದು.

ಆ ಫೈಲಿನಲ್ಲಿ ಹದಿನೇಳು ಕಾಲಂ ಇದ್ದವು. ಹೆಸರು, ವಯಸ್ಸು, ಗುಂಪು, ಫೋನು, ಈವರೆಗೆ ಕೊಟ್ಟ ದಿನಗಳು, ಹೀಗೆ. ಹದಿನೇಳನೆಯದು ಷರಾ. ರಿಜಿಸ್ಟರಿನ ಕೊನೆಯ ಮನೆಗೆ ಇದ್ದ ಹೆಸರನ್ನೇ ಇಲ್ಲೂ ಇಟ್ಟಿದ್ದಳು. ರಿಜಿಸ್ಟರಿನಲ್ಲಿ ಆ ಮನೆ ಬೆರಳಗಲ ಇತ್ತು, ಇಲ್ಲಿ ಎಷ್ಟು ಬರೆದರೂ ಹಿಡಿಯುತ್ತಿತ್ತು. ಅವಳು ಬರೆದಳು. "ಸೂಜಿ ನೋಡಿದರೆ ಬೆವರುತ್ತಾನೆ, ತೊಗರಿ ರೇಟಿನ ಮಾತು ತೆಗೆಯಬೇಕು." "ಬಲಗೈ ನರ ಸಿಗುವುದಿಲ್ಲ." "ಎರಡನೇ ಪಾಳಿ, ಮುಂಜಾನೆ ಮಲಗಿರುತ್ತಾನೆ, ಎಬ್ಬಿಸಬಾರದು." ತಾರಿಖ್ ಎಂಬ ಲಾರಿ ಚಾಲಕನ ಮುಂದೆ, "ರಂಜಾನಿನ ರೋಜಾ ತಿಂಗಳು ಕರೆಯಬಾರದು, ಹಬ್ಬದ ಮೂರನೇ ದಿನ ತಾನೇ ಬರುತ್ತಾನೆ." ಒಬ್ಬ ಮಾಸ್ತರರ ಮುಂದೆ, "ರಕ್ತ ಸಿಗದೆ ಇವರ ತಮ್ಮ ತೀರಿಕೊಂಡ. ಆ ಸುದ್ದಿ ಎತ್ತಬಾರದು." ಯಾರಿಗೂ ಕಾಣದ ಈ ಕಾಲಮ್ಮಿನಿಂದಲೇ ಅವಳು ಫೋನು ಮಾಡಿದರೆ ಜನ ಬರುತ್ತಿದ್ದರು. ಬೇರೆಯವರು ಹತ್ತು ಜನಕ್ಕೆ ಮಾಡಿದರೆ ಇಬ್ಬರು, ಇವಳು ಮೂವರಿಗೆ ಮಾಡಿದರೆ ಇಬ್ಬರು.

ಇನ್ನೊಂದು ಷರಾ ಇತ್ತು, "ಮನೆಗೆ ಫೋನ್ ಬೇಡ." ಅದು ನಲವತ್ಮೂರು ಹೆಸರುಗಳ ಮುಂದೆ ಇತ್ತು. ಹೆಚ್ಚಿನವರು ಹೆಂಗಸರು.

ಕಮಲಾಪುರದ ಶೀಲಾ ಅವರಲ್ಲೊಬ್ಬಳು, ಓ ನೆಗೆಟಿವ್. ಕಾಲೇಜಿನಲ್ಲಿದ್ದಾಗ ಶಿಬಿರವೊಂದರಲ್ಲಿ ಕೊಟ್ಟ ಹುಡುಗಿ, ಮದುವೆಯಾದ ಎರಡು ವರ್ಷಕ್ಕೆ ಒಂದು ದಿನ ತಾನಾಗಿ ಬಂದು ನಿಂತಳು. ಗಂಡ ಮಲ್ಲು ಬೀಜ ಗೊಬ್ಬರದ ಅಂಗಡಿಯವನು. ಫಾರ್ಮು ತುಂಬುವಾಗ ಅವಳ ಹತ್ತಿರ ಸ್ವಂತ ಫೋನು ಇರಲಿಲ್ಲ, ಗಂಡನ ನಂಬರು ಬರೆದಳು. ಬರೆದು, ಪೆನ್ನು ಕೆಳಗಿಟ್ಟ ಮೇಲೆ ಬಗ್ಗಿ ಹೇಳಿದಳು.

"ಅಕ್ಕಾ, ಈ ನಂಬರಿಗಿ ಮಾತ್ರ ಮಾಡಬ್ಯಾಡ್ರಿ. ನಮ್ಮ ಅತ್ತೀಗಿ ಗೊತ್ತಾದ್ರ ಮುಗೀತು. ಮೊದಲೇ ಮಕ್ಕಳಾಗಿಲ್ಲಂತ ನನ್ನ ಮೈಯಾಗ ರಕ್ತ ಇಲ್ಲ ಅಂತಾರ."

"ಮತ್ತ ಯಾಕ ಕೊಡ್ಲಾಕ ಬರ್ತಿ?"

"ಆ ಮನ್ಯಾಗ ಎಲ್ಲಾ ಅವರದೇ ರೀ. ಇದೊಂದು ನಂದದ. ನಾ ಯಾರಿಗಿ ಬೇಕಾದ್ರೂ ಕೊಡ್ತೀನಿ."

ಫಾರ್ಮಿನಲ್ಲಿದ್ದ ನಂಬರೇ ಕಂಪ್ಯೂಟರಿನಲ್ಲೂ ಇರಬೇಕೆಂದು ತಪಾಸಣೆಗೆ ಬರುವವರು ಹಟ ಹಿಡಿಯುತ್ತಿದ್ದರು. ಹಾಗಾಗಿ ನಾಗರತ್ನಾ ಫೋನಿನ ಕಾಲಮ್ಮಿನಲ್ಲಿ ಮಲ್ಲುವಿನ ನಂಬರು ಬಿಟ್ಟು, ಷರಾದಲ್ಲಿ ಶೀಲಾಳ ಪಕ್ಕದ ಮನೆಯ ಅಮೀನಾಳ ನಂಬರು ಬರೆದಳು. ಅಮೀನಾ ಹೊಲಿಗೆಯವಳು. ರಕ್ತ ಬೇಕಾದಾಗ ನಾಗರತ್ನಾ ಅಮೀನಾಳಿಗೆ ಫೋನು ಮಾಡಿ, "ಬ್ಲೌಸಿನ ಅಳತಿ ಕೊಡ್ಬೇಕಂತ ಹೇಳ್ರಿ" ಎನ್ನುವಳು. ಸಂತೆಯ ದಿನವೋ, ಕಲಬುರಗಿಯ ಐವಾನ್-ಎ-ಶಾಹಿ ಬಡಾವಣೆಯಲ್ಲಿರುವ ಚಿಕ್ಕಮ್ಮನನ್ನು ನೋಡುವ ನೆಪದಲ್ಲೋ ಶೀಲಾ ಬಸ್ಸು ಹತ್ತಿ ಬರುವಳು. ಆರು ವರ್ಷದಲ್ಲಿ ಹೀಗೆ ಹನ್ನೊಂದು ಸಲ ಬಂದಳು. ಕೊಟ್ಟು ಎದ್ದ ಮೇಲೆ ಬಿಸ್ಕೀಟು ತಿನ್ನುತ್ತ ನಾಗರತ್ನಾಳ ಟೇಬಲ್ಲಿನ ಪಕ್ಕ ಕಾಲು ಗಂಟೆ ಕೂತು ಹೋಗುವಳು. ಇಬ್ಬರದೂ ಒಂದೇ ಊರು, ಮಾತಿಗೆ ಬರವಿರಲಿಲ್ಲ.

ಎರಡು ವರ್ಷದ ಹಿಂದೆ ಟ್ರಸ್ಟಿನ ಕಾರ್ಯದರ್ಶಿ ಜಗದೇವಪ್ಪ ಎಲ್ಲರನ್ನೂ ಕರೆದು ಒಂದು ಸುದ್ದಿ ಹೇಳಿದರು. ಹನ್ನೊಂದು ಜಿಲ್ಲೆಗಳ ರಕ್ತನಿಧಿಗಳು ಸೇರಿ ಒಂದು ಜಾಲ ಆಗುತ್ತದೆ, ಎಲ್ಲರ ದಾನಿಗಳ ಪಟ್ಟಿಯೂ ಒಂದೇ ಕಡೆ ಇರುತ್ತದೆ, ಕಲಬುರಗಿಯವರಿಗೆ ಬೇಕಾದ ರಕ್ತ ಬಳ್ಳಾರಿಯಲ್ಲಿದ್ದರೂ ಒಂದು ಕ್ಷಣದಲ್ಲಿ ತಿಳಿಯುತ್ತದೆ. ಜಗದೇವಪ್ಪ ಒಳ್ಳೆಯ ಮನುಷ್ಯ. ತೊಗರಿ ವ್ಯಾಪಾರದ ಮನೆತನದವರು, ಟ್ರಸ್ಟಿನಿಂದ ಒಂದು ಕಪ್ ಚಹಾ ಕೂಡ ಕುಡಿಯುವವರಲ್ಲ. ಸುದ್ದಿ ಕೇಳಿ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವಳು ನಾಗರತ್ನಾಳೇ. ತಾನು ಮಾಡಿದ ಫೈಲು ಹನ್ನೊಂದು ಜಿಲ್ಲೆಗೆ ಹೋಗುತ್ತದೆ ಎಂದು ಮನೆಯಲ್ಲಿ ಮಹಾದೇವನಿಗೆ ಎರಡು ಸಲ ಹೇಳಿದಳು.

ಫೈಲನ್ನು ಜಾಲಕ್ಕೆ ಜೋಡಿಸಲು ಸುಜಯೀಂದ್ರ ಎಂಬವನು ಬಂದ. ಮೂವತ್ತರ ಆಸುಪಾಸಿನವನು, ಐವಾನ್-ಎ-ಶಾಹಿ ಕಡೆಯವನು. ಫೋನಿನಲ್ಲಿ ತಾಯಿಯೊಂದಿಗೆ ಮರಾಠಿ, ಇವಳೊಂದಿಗೆ ಕನ್ನಡ. ಅವನ ಲ್ಯಾಪ್‌ಟಾಪಿನಲ್ಲಿದ್ದ ಸಾಫ್ಟ್‌ವೇರಿನ ಕೆಲಸ ಒಂದು ಕಡೆಯ ಮಾಹಿತಿಯನ್ನು ಇನ್ನೊಂದು ಕಡೆಗೆ ಹರಿಸುವುದು, ಕೊಳವೆ ಕೂಡಿಸಿದ ಹಾಗೆ. ಅದರಲ್ಲಿ ದೊಡ್ಡ ದೊಡ್ಡ ಡೇಟಾಬೇಸುಗಳ ಹೆಸರೆಲ್ಲ ಸಾಲಾಗಿದ್ದವು. ನಾಗರತ್ನಾಳದು ಆ ಸಾಲಿನಲ್ಲಿ ಇರಲಿಲ್ಲ.

"ಭಾಳ ಸಣ್ಣದದರಿ ಮೇಡಂ ಇದು. ಇದಕ್ಕ ಡ್ರೈವರ್ ಬ್ಯಾರೆ ತಂದು ಹಾಕ್ಬೇಕು" ಎಂದ ಸುಜಯೀಂದ್ರ. ಎರಡನ್ನೂ ಬೆಸೆಯುವ ಆ ಸಣ್ಣ ತಂತ್ರಾಂಶವನ್ನು ಇಳಿಸಿಕೊಂಡು ಹೇಳಿದ ಫೋಲ್ಡರಿನಲ್ಲಿಟ್ಟು, ಸಾಫ್ಟ್‌ವೇರನ್ನು ಮುಚ್ಚಿ ತೆರೆದು, ಫೈಲು ಎಲ್ಲಿದೆ ಎಂಬ ವಿಳಾಸ ಕೈಯಿಂದ ಬರೆದ. ಪರೀಕ್ಷೆ ಮಾಡಿದ. ಸಂಪರ್ಕ ಯಶಸ್ವಿ ಎಂದು ಬಂತು. ಆದರೆ ಒಳಗೆ ನೋಡಿದರೆ ಖಾಲಿ. ಒಂದು ಕಾಲಮ್ಮೂ ಇಲ್ಲ, ಒಂದು ಹೆಸರೂ ಇಲ್ಲ.

ಸುಜಯೀಂದ್ರ ಮಧ್ಯಾಹ್ನದ ತನಕ ಒದ್ದಾಡಿದ. ಡ್ರೈವರು ಬದಲಿಸಿದ, ಬೆಂಗಳೂರಿಗೆ ಫೋನು ಹಚ್ಚಿದ. ಬುತ್ತಿ ತಿಂದು ಬಂದ ನಾಗರತ್ನಾ ಅವನ ಹಿಂದೆ ನಿಂತು ನೋಡಿ, "ಇಲ್ಲಿ ಒಂದು ಅಕ್ಷರ ತಪ್ಪ್ಯಾದ್ರಿ" ಎಂದಳು. ಫೈಲಿನ ಹೆಸರು 'raktadaani'. ಅವನು ಒಂದು 'a' ಬಿಟ್ಟಿದ್ದ. ಇಂಥ ಪುಟ್ಟ ಡೇಟಾಬೇಸಿನ ಗುಣವೇ ಅದು. ಹೇಳಿದ ಜಾಗದಲ್ಲಿ ಫೈಲು ಸಿಗದಿದ್ದರೆ ಸಿಗಲಿಲ್ಲ ಎನ್ನುವುದಿಲ್ಲ, ಸುಮ್ಮನೆ ಹೊಸದೊಂದು ಖಾಲಿ ಫೈಲು ಮಾಡಿಕೊಂಡು ಕೂರುತ್ತದೆ. ಹತ್ತು ವರ್ಷದ ಹಿಂದೆ ತಾನೂ ಅದೇ ಹಳ್ಳದಲ್ಲಿ ಬಿದ್ದು ಎರಡು ದಿನ ಅತ್ತಿದ್ದೆ ಎಂದು ಅವಳು ಹೇಳಿದಾಗ ಸುಜಯೀಂದ್ರ ಕುರ್ಚಿ ತಿರುಗಿಸಿ ಅವಳನ್ನು ಮೊದಲ ಸಲ ಸರಿಯಾಗಿ ನೋಡಿದ.

ಮರುದಿನ ಫೈಲಿಗೆ ಬೀಗ ಬಿದ್ದಿದೆ ಎಂದು ಬಂತು. ಅವಳದೇ ಪ್ರೋಗ್ರಾಮು ತೆರೆದಿತ್ತು, ಮುಚ್ಚಿದಳು. ಆಮೇಲೆ ವಯಸ್ಸಿನ ಕಾಲಮ್ಮಿನಲ್ಲಿ ತಂಟೆ. ಅವಳ ಫೈಲು ಯಾವ ಕಾಲಮ್ಮಿನಲ್ಲಿ ಏನು ಬರೆದರೂ ತಕರಾರಿಲ್ಲದೆ ಇಟ್ಟುಕೊಳ್ಳುತ್ತಿತ್ತು. ಒಬ್ಬ ಮುದುಕ ತನ್ನ ವಯಸ್ಸು ಹೇಳಲು ಬಾರದೆ ಹೇಳಿದ್ದನ್ನು ಅವಳು ಹಾಗೇ ಬರೆದಿದ್ದಳು, "ರಜಾಕಾರರ ಗಲಾಟೆ ಆದ ಎಂಟು ವರ್ಷಕ್ಕೆ ಹುಟ್ಟಿದ್ದು." ಜಾಲದ ಕಡೆಯವರಿಗೆ ಅಂಕಿಯೇ ಬೇಕು. ಅಂಥವನ್ನೆಲ್ಲ ಹುಡುಕಿ ಸರಿಮಾಡುವುದರಲ್ಲಿ ಎರಡನೆಯ ದಿನ ಕಳೆಯಿತು. ಆ ಎರಡು ದಿನ ಅವಳಿಗೆ ಹಬ್ಬವಿದ್ದ ಹಾಗಿತ್ತು. ತನ್ನ ಕೆಲಸವನ್ನು ಬಲ್ಲವನೊಬ್ಬ ಪಕ್ಕದಲ್ಲಿ ಕೂತು, "ಇದನ್ನ ಹ್ಯಾಂಗ ಬರದ್ರಿ ಮೇಡಂ" ಎಂದು ಕೇಳುವುದು ಅವಳ ಬದುಕಿನಲ್ಲಿ ಅದೇ ಮೊದಲು.

ಮೂರನೆಯ ದಿನ ಕಾಲಂಗಳನ್ನು ಕೂಡಿಸುವುದು ಉಳಿದಿತ್ತು. ಪರದೆಯ ಎಡಕ್ಕೆ ಇವಳ ಹದಿನೇಳು, ಬಲಕ್ಕೆ ಜಾಲದವರ ಹದಿನಾಲ್ಕು. ಸುಜಯೀಂದ್ರ ಮೌಸು ಹಿಡಿದು ಇತ್ತಲಿಂದ ಅತ್ತ ಗೆರೆ ಎಳೆಯುತ್ತ ಹೋದ. ಹೆಸರಿಗೆ ಹೆಸರು, ಗುಂಪಿಗೆ ಗುಂಪು, ಫೋನಿಗೆ ಫೋನು. ಷರಾದ ಎದುರಿಗೆ ಬಲಗಡೆ ಏನೂ ಇರಲಿಲ್ಲ.

"ಇದು ಹೋಗಲ್ಲೇನ್ರಿ?"

"ಅವರ ಕಡೆ ಜಾಗಾನೇ ಇಲ್ಲರಿ ಮೇಡಂ. ಎರಡನೇ ಹಂತದಾಗ ಮಾಡೋಣ."

ನಾಗರತ್ನಾ ನಲವತ್ಮೂರು ಹೆಸರುಗಳ ವಿಷಯ ಹೇಳಿದಳು. ಸುಜಯೀಂದ್ರ ಗಮನವಿಟ್ಟು ಕೇಳಿದ. ಅಂಥ ಹೆಸರುಗಳನ್ನು ಬಿಟ್ಟು ಉಳಿದವನ್ನು ಕಳಿಸಲು ಒಂದು ಸಾಲು ಬರೆದರೆ ಸಾಕು, ಐದು ನಿಮಿಷದ ಕೆಲಸ, ಆದರೆ ಎರಡೂ ಕಡೆಯ ಸಂಖ್ಯೆ ತಾಳೆಯಾಗಬೇಕೆಂದು ಮೇಲಿನವರು ಹೇಳಿದ್ದಾರೆ, ಜಗದೇವಪ್ಪನವರು ಒಪ್ಪಿದರೆ ತನ್ನದೇನೂ ಅಡ್ಡಿಯಿಲ್ಲ ಎಂದ. ಅವಳು ಜಗದೇವಪ್ಪನವರ ಕೋಣೆಗೆ ಹೋದಳು.

"ನಾಗರತ್ನಾ ಅವರ, ನಾಡಿದ್ದು ಉದ್ಘಾಟನಾ ಅದ. ನಾಲ್ಕು ಸಾವಿರದ ಎರಡ್ನೂರಾ ಹದಿನಾರು ದಾನಿಗಳು ಅಂತ ಬ್ಯಾನರ್ ಬಂದಾವ. ಈಗ ಅಷ್ಟು ಮಂದಿನ ಬಿಟ್ಟು ಕಳಸೀವಿ ಅಂದ್ರ, ನೀವು ಸುಳ್ಳ ಲಿಸ್ಟ್ ಇಟ್ಟೀರೇನು ಅಂತಾರ. ಈಗ ಕಳಸ್ರಿ. ಆಮ್ಯಾಲೆ ತೆಗಿಲಾಕ ಬರ್ತದಲ್ಲ?"

"ಯಾರಾದ್ರೂ ಅವರ ಮನಿಗಿ ಫೋನ್ ಮಾಡಿದ್ರ, ಸರ್?"

"ಫೋನ್ ಮಾಡಾಕಿ ನೀವೇ ಅಲ್ಲೇನ್ರಿ. ನೀವು ಮಾಡಬ್ಯಾಡ್ರಿ."

ಅದು ಸರಿಯೆನಿಸಿತು. ಅಥವಾ ಸರಿಯೆನಿಸಲಿ ಎಂದು ಅವಳೇ ಬಯಸಿದಳು. ಆಮೇಲೆ ಎಷ್ಟೋ ಸಲ ಆ ಕ್ಷಣವನ್ನು ಅವಳು ಹಿಂದೆ ಮುಂದೆ ಮಾಡಿ ನೋಡಿದ್ದಾಳೆ. ಇಲ್ಲ ಎನ್ನಬಹುದಿತ್ತು. ನಲವತ್ಮೂರು ನಂಬರುಗಳ ಜಾಗದಲ್ಲಿ ತನ್ನದೇ ನಂಬರು ಬರೆದು ಕಳಿಸಬಹುದಿತ್ತು, ಯಾರೂ ಕೇಳುತ್ತಿರಲಿಲ್ಲ. ಅದು ಹೊಳೆಯಲಿಲ್ಲವೆಂದಲ್ಲ, ಹೊಳೆದಿತ್ತು. ಆದರೆ ಸುಜಯೀಂದ್ರನ ಎದುರು ತನ್ನ ಫೈಲು ಕೊಳೆಯಾಗಿದೆ ಎಂದು ಕಾಣಬಾರದೆಂಬ ಆಸೆಯೂ ಇತ್ತು. ಲಾಗಿನ್ ಅವಳ ಹೆಸರಿನಲ್ಲಿತ್ತು. ಸುಜಯೀಂದ್ರ ಕುರ್ಚಿ ಬಿಟ್ಟುಕೊಟ್ಟ. ಅವಳು ಕೂತು ಗುಂಡಿ ಒತ್ತಿದಳು. ಎರಡು ನಿಮಿಷವೂ ಹಿಡಿಯಲಿಲ್ಲ. ಒಂದು ಹೆಸರೂ ತಿರಸ್ಕೃತವಾಗದೆ ಎಲ್ಲವೂ ಹೋದವು. ಉದ್ಘಾಟನೆಯ ದಿನ ಜಗದೇವಪ್ಪ ವೇದಿಕೆಯ ಮೇಲಿಂದ ಅವಳ ಹೆಸರು ಹೇಳಿ ಶಾಲು ಹೊದಿಸಿದರು.

ನಾಲ್ಕು ತಿಂಗಳು ಏನೂ ಆಗಲಿಲ್ಲ. ಐದನೆಯ ತಿಂಗಳು ಒಂದು ಮುಂಜಾನೆ ಅಮೀನಾಳ ಫೋನು ಬಂತು.

"ನಾಗರತ್ನಾ ಆಪಾ, ಶೀಲಾನ ತವರಿಗಿ ಕಳಸ್ಯಾರ. ನಿಮಗ ಖಬರ್ ಅದೇನು?"

ಜಾಲದವರು ಹತ್ತಕ್ಕಿಂತ ಹೆಚ್ಚು ಸಲ ಕೊಟ್ಟವರನ್ನೆಲ್ಲ ಆರಿಸಿ ಅಭಿನಂದನೆಯ ಕರೆ ಕಳಿಸಿದ್ದರು. ಮನುಷ್ಯರು ಮಾಡಿದ ಕರೆಯಲ್ಲ, ಧ್ವನಿ ಮುದ್ರಿಸಿದ ಕರೆ. ಮಲ್ಲು ಊಟಕ್ಕೆ ಕೂತಿದ್ದ. ಕೈ ಎಂಜಲಾಗಿದ್ದರಿಂದ ಎಡಗೈ ಬೆರಳಿನಿಂದ ಸ್ಪೀಕರ್ ಒತ್ತಿದ. ತಾಯಿ ಲಲಿತಾಬಾಯಿ ರೊಟ್ಟಿ ಬಡಿಸುತ್ತಿದ್ದಳು, ಶೀಲಾ ನೀರು ತರಲು ಒಳಗೆ ಹೋಗಿದ್ದಳು. ಬೆಂಗಳೂರು ಕಡೆಯ ಕನ್ನಡದಲ್ಲಿ ಒಬ್ಬ ಹೆಣ್ಣುಮಗಳು ನಗುನಗುತ್ತ ಹೇಳಿದಳು: "ನಮಸ್ಕಾರ ಶೀಲಾ ಅವರೇ. ನೀವು ಇದುವರೆಗೆ ಹನ್ನೊಂದು ಬಾರಿ ರಕ್ತದಾನ ಮಾಡಿದ್ದೀರಿ. ನಿಮ್ಮ ಕುಟುಂಬಕ್ಕೆ ನೀವು ಹೆಮ್ಮೆ." ಎಲ್ಲ ಹನ್ನೊಂದು ದಿನಾಂಕಗಳೂ ಆಮೇಲೆ ಮೆಸೇಜಿನಲ್ಲಿ ಬಂದವು. ಲಲಿತಾಬಾಯಿ ಮಗನಿಂದ ಅವನ್ನು ಒಂದೊಂದಾಗಿ ಓದಿಸಿ, ಯಾವ ದಿನ ಸಂತೆ, ಯಾವ ದಿನ ಚಿಕ್ಕಮ್ಮನ ಮನೆ ಎಂದು ನೆನಪಿಸಿಕೊಂಡು ತಾಳೆ ನೋಡಿದಳಂತೆ.

ಭಾನುವಾರ ನಾಗರತ್ನಾ ಕಮಲಾಪುರದ ಬಸ್ಸು ಹತ್ತಿದಳು. ಲಲಿತಾಬಾಯಿ ಪಡಸಾಲೆಯಲ್ಲಿ ಮೊರ ಹಿಡಿದು ತೊಗರಿ ಹಸನು ಮಾಡುತ್ತ ಕೂತಿದ್ದಳು. ಕೆಟ್ಟ ಹೆಂಗಸಲ್ಲ, ಬಂದವಳನ್ನು ಕೂರಿಸಿ, ನೀರು ಕೊಟ್ಟು, ದೌಲಪ್ಪನ ಮಗಳೆಂದು ತಿಳಿದು ಅವನ ಮೊಣಕಾಲು ನೋವನ್ನೂ ವಿಚಾರಿಸಿದಳು. ಬಂದ ವಿಷಯ ಹೇಳಿದ ಮೇಲೆ ಮೊರ ಬದಿಗಿಟ್ಟಳು.

"ಎಂಟ ವರ್ಷ ಆತು ಯವ್ವಾ. ಶರಣಬಸಪ್ಪನ ಗುಡಿಗಿ ಸೋಮವಾರ ಸೋಮವಾರ ಹೋದೆ. ಬದಾಮಿ ಹಾಲು ಕುಡಿಸಿದೆ, ಸೋಲಾಪುರದ ಔಷಧ ತರಿಸಿದೆ. ನಾ ತುಂಬಸಾಕಿ, ಆಕಿ ಹೋಗಿ ಸುರುವಿ ಬರಾಕಿ."

"ರಕ್ತ ಕೊಟ್ರ ಮಕ್ಕಳಾಗಲ್ಲ ಅನ್ನೂದು ಸುಳ್ಳದರಿ ಅವ್ವಾರ. ಕೊಟ್ಟದ್ದು ಮತ್ತ ಮೈಯಾಗ ಆಗ್ತದ. ಬೇಕಾದ್ರ ನಮ್ಮ ಡಾಕ್ಟರ್ನ ಕರಕೊಂಡು ಬರ್ತೀನಿ, ಅವರ ಬಾಯಿಲೇ ಕೇಳ್ರಿ."

"ಅದು ಸುಳ್ಳೋ ಖರೇನೋ, ಇರ್ಲಿ. ಆರು ವರ್ಷ ನನ್ನ ಮುಂದ ಸುಳ್ಳ ಹೇಳ್ಕೋತ ಬಂದಾಳಲ್ಲ, ಅದಕ್ಕ ಯಾವ ಡಾಕ್ಟರ್ನ ಕರಕೊಂಡು ಬರ್ತಿ?"

ಲಲಿತಾಬಾಯಿ ನಾಗರತ್ನಾಳ ಮುಖವನ್ನೇ ನೋಡುತ್ತ, "ಬ್ಲೌಸಿನ ಅಳತಿ ಅಂತ ಅಮೀನಾಗ ಹೇಳ್ತಿದ್ದಾಕಿ ನೀನೇ ಏನು?" ಎಂದಳು.

"ಹೌದ್ರಿ."

ಬಾಗಿಲ ಬಳಿ ನಿಂತಿದ್ದ ಮಲ್ಲು ಗಡಿಯಾರ ನೋಡಿ, "ಅಕ್ಕಾರ, ಎರಡೂವರಿ ಬಸ್ ಬರ್ತದರಿ. ಅದು ತಪ್ಪಿದ್ರ ನಿಮಗ ತಕ್ಲೀಫ್ ಆಗ್ತದ" ಎಂದ. ಅವನ ದನಿಯಲ್ಲಿ ಸಿಟ್ಟು ಇರಲಿಲ್ಲ, ಇನ್ನೇನೂ ಇರಲಿಲ್ಲ.

ಶೀಲಾಳ ತವರೆಂದರೆ ಕಲಬುರಗಿಯಲ್ಲಿದ್ದ ಅಣ್ಣನ ಮನೆ. ಕೂತು ಉಣ್ಣುವುದಕ್ಕೆ ಅತ್ತಿಗೆಯ ಮನೆಯಲ್ಲಿ ಎಷ್ಟು ದಿನ ಜಾಗ ಇರುತ್ತದೆ? ಅವಳು ನಂದೂರಿನ ಬೇಳೆ ಮಿಲ್ಲಿನಲ್ಲಿ ಚೀಲ ತುಂಬುವ ಕೆಲಸಕ್ಕೆ ಸೇರಿದಳು. ಅದು ಮಹಾದೇವನದೇ ಮಿಲ್ಲು. ಅವನು ಬಂದು ಹೇಳಿದ ಮರುದಿನ ನಾಗರತ್ನಾ ಊಟದ ಹೊತ್ತಿಗೆ ಹೋಗಿ ಗೇಟಿನ ಹೊರಗೆ ನಿಂತಳು. ಶೀಲಾ ಬಂದಳು. ರೆಪ್ಪೆಯ ಮೇಲೆಲ್ಲ ಬೇಳೆಯ ಧೂಳು ಹಳದಿಯಾಗಿ ಕೂತಿತ್ತು. ಇಬ್ಬರೂ ಚಹಾದಂಗಡಿಯ ಕಲ್ಲಿನ ಮೇಲೆ ಕೂತರು.

"ಅಕ್ಕಾ, ನಾ ಹೇಳಿದ್ದು ಬರ್ಕೊಂಡೀನಿ ಅಂದಿದ್ರಲ್ಲ. ಮತ್ತ ಆ ಫೋನ್ ಹ್ಯಾಂಗ ಬಂತು?"

"ನಾ ಬರದದ್ದು ಹೋಗ್ಲಿಲ್ಲವ್ವಾ. ನಂಬರ್ ಅಷ್ಟೇ ಹೋತು."

"ಕಂಪ್ಯೂಟರ್ ತಪ್ಪು ಮಾಡ್ತೇನ್ರಿ?"

ಹೂಂ ಎಂದಿದ್ದರೆ ಆಗುತ್ತಿತ್ತು. ಶೀಲಾ ನಂಬುತ್ತಿದ್ದಳು, ನಂಬಲು ತಯಾರಾಗಿಯೇ ಕೇಳಿದ್ದಳು.

"ಇಲ್ಲ. ಅದು ಹೋಗಲ್ಲಂತ ನನಗ ಗೊತ್ತಿತ್ತು. ಗೊತ್ತಿದ್ದೇ ಒತ್ತಿದೆ."

ಶೀಲಾ ಸೆರಗಿನಿಂದ ಮುಖ ಒರೆಸಿಕೊಂಡು, "ನಾ ಇಷ್ಟ ದಿನ ಅತ್ತಿ ಮ್ಯಾಲೆ ಸಿಟ್ಟು ಮಾಡ್ಕೊಂಡು ಕುಂತಿದ್ದೆ ನೋಡ್ರಿ" ಎಂದಳು. ಚಹಾ ಮುಟ್ಟಲಿಲ್ಲ. ಬುತ್ತಿಯ ಡಬ್ಬಿ ಎತ್ತಿಕೊಂಡು ಗೇಟಿನೊಳಗೆ ಹೋದಳು. ಇನ್ನೊಂದು ಸಲ ಹೋದಾಗ ಹೊರಗೆ ಬರಲಿಲ್ಲ, ಮೂರನೆಯ ಸಲ ನಾಗರತ್ನಾಳಿಗೇ ಹೋಗುವ ಧೈರ್ಯವಾಗಲಿಲ್ಲ.

ಉಳಿದ ನಲವತ್ತೆರಡು ಹೆಸರುಗಳನ್ನಾದರೂ ತೆಗೆಸಬೇಕೆಂದು ಅವಳು ಓಡಾಡಿದಳು. ಜಾಲದ ಪಟ್ಟಿಯಲ್ಲಿ ಅವಳ ಲಾಗಿನ್ನಿಗೆ ನೋಡುವ ಹಕ್ಕಿತ್ತು, ತಿದ್ದುವ ಹಕ್ಕಿರಲಿಲ್ಲ. ಸುಜಯೀಂದ್ರ ನೊಂದುಕೊಂಡ. "ಕಳಸೂದಷ್ಟೇ ನನ್ನ ಕೈಯಾಗ ಇತ್ತರಿ ಮೇಡಂ. ತೆಗಿಯೋದು ಬ್ಯಾರೆ ಕಡಿ" ಎಂದು ಮೇಲಿನವರಿಗೆ ಮೂರು ಸಲ ಬರೆದ. ವಿನಂತಿ ಪರಿಶೀಲನೆಯಲ್ಲಿದೆ ಎಂದು ಮೂರು ಸಲವೂ ಉತ್ತರ ಬಂತು. ಜಗದೇವಪ್ಪ, "ಪುಣ್ಯದ ಕೆಲಸಕ್ಕ ಅಭಿನಂದನಾ ಮಾಡಿದ್ದು ತಪ್ಪು ಅಂತ ಹ್ಯಾಂಗ ಬರೀಲ್ರಿ?" ಎಂದರು. ನಾಗರತ್ನಾ ಷರಾ ನೋಡಿ ನಲವತ್ತೆರಡು ಜನಕ್ಕೂ ಅವರವರು ಹೇಳಿದ ದಾರಿಯಲ್ಲೇ ಸುದ್ದಿ ಮುಟ್ಟಿಸಿದಳು. ಕೆಲವರು ಬೈದರು. ಒಬ್ಬಳು ಅತ್ತಳು. ಹೆಚ್ಚಿನವರು ಏನೂ ಹೇಳದೆ ಫೋನಿಟ್ಟರು, ಮತ್ತೆ ಬರಲಿಲ್ಲ. ಉಳಿದ ದಾನಿಗಳಿಗೂ ಈಗ ಯಂತ್ರವೇ ಕರೆ ಮಾಡುತ್ತಿತ್ತು. ಎರಡನೇ ಪಾಳಿಯವನನ್ನು ಮುಂಜಾನೆ ಎಬ್ಬಿಸಿತು, ತಾರಿಖನನ್ನು ರೋಜಾದ ದಿನಗಳಲ್ಲೇ ಕರೆಯಿತು. ತಾರಿಖ್ ಹಬ್ಬದ ಮೂರನೇ ದಿನ ಬರಲಿಲ್ಲ.

ವರ್ಷ ತುಂಬಿದ ಮೇಲೆ ಸುಜಯೀಂದ್ರ ಒಂದು ದಿನ ಸಂತೋಷದಿಂದಲೇ ಫೋನು ಮಾಡಿದ.

"ಮೇಡಂ, ಎರಡನೇ ಹಂತ ಬಂತರಿ. ನಿಮ್ಮ ಷರಾ ಕಾಲಂ ಈಗ ಹೋಗ್ತದ. ನಾನೇ ಹಟಾ ಹಿಡದು ಜಾಗಾ ಮಾಡಸೀನಿ."

"ಅಲ್ಲಿ ಯಾರ‍್ಯಾರಿಗಿ ಕಾಣಸ್ತದರಿ ಅದು?"

"ಎಲ್ಲಾ ಕೇಂದ್ರದೋರಿಗೂರಿ. ಹನ್ನೊಂದು ಜಿಲ್ಲಾ. ಫೋನ್ ಮಾಡೋ ಕಂಪನಿಯೋರಿಗೂ."

ಸೋಮವಾರ ಬರುತ್ತೇನೆಂದ. ಶನಿವಾರ ಮಧ್ಯಾಹ್ನ ನಾಗರತ್ನಾ ಫೈಲು ತೆರೆದಳು. ಮೊದಲು ಓದುತ್ತ ಕೂತಳು. ಹನ್ನೆರಡು ವರ್ಷಗಳಲ್ಲಿ ಜನ ಬಗ್ಗಿ ಮೆಲ್ಲಗೆ ಹೇಳಿದ ಮಾತುಗಳು. ಯಾರ ಗಂಡ ಕುಡಿಯುತ್ತಾನೆ, ಯಾರಿಗೆ ಯಾವ ಕಾಯಿಲೆ ಬಂದು ಹೋಯಿತು, ಯಾರು ಯಾರಿಗೆ ತಿಳಿಯದ ಹಾಗೆ ಬರುತ್ತಾರೆ. ಬರೆಯುವಾಗ ಇದು ತನ್ನ ನೆನಪು ಎಂದುಕೊಂಡು ಬರೆದಿದ್ದಳು. ಸಂಜೆ ನಾಲ್ಕರ ಹೊತ್ತಿಗೆ ಓದುವುದನ್ನು ಅರ್ಧಕ್ಕೆ ನಿಲ್ಲಿಸಿದಳು. ಒಂದು ಸಾಲು ಬರೆದು ಆ ಕಾಲಂ ಪೂರ್ತಿ ಬರಿದು ಮಾಡಿದಳು. ಅಳಿಸಿದ್ದು ಒಳಗೆಲ್ಲೋ ಉಳಿದಿರುತ್ತದೆಂದು ಅವಳಿಗೆ ಗೊತ್ತಿತ್ತು. ಇನ್ನೊಂದು ಆಜ್ಞೆ ಕೊಟ್ಟು ಫೈಲನ್ನು ಹಿಂಡಿದಳು. ಒಂಬತ್ತು ಎಂಬಿ ಇದ್ದದ್ದು ನಾಲ್ಕಕ್ಕೆ ಇಳಿಯಿತು. ಪೆನ್ ಡ್ರೈವಿನಲ್ಲಿದ್ದ ಪ್ರತಿಯನ್ನೂ ಅಳಿಸಿದಳು.

ಸುಜಯೀಂದ್ರ ಸೋಮವಾರ ಬಂದು ಗೆರೆ ಎಳೆದ. ಎಡಗಡೆಯ ಷರಾದಿಂದ ಬಲಗಡೆಯ ಹೊಸ ಕಾಲಮ್ಮಿಗೆ. ಓಡಿಸಿದ. ಒಂದು ಅಕ್ಷರವೂ ಬರಲಿಲ್ಲ. ವಿಳಾಸ ತಪ್ಪಿದೆಯೇನೋ ಎಂದು ಮೊದಲು ಅದನ್ನೇ ನೋಡಿದ. ಆಮೇಲೆ ಅವಳ ಕಡೆ ತಿರುಗಿದ.

"ಮೇಡಂ, ಬ್ಯಾಕಪ್?"

"ಇಲ್ಲರಿ."

ಅವನು ಲ್ಯಾಪ್‌ಟಾಪು ಮುಚ್ಚಿ ಎದ್ದ. ಮಾಹಿತಿ ನಾಶ ಮಾಡಿದ್ದಕ್ಕೆ ಕಾರಣ ಕೇಳಿ ಜಗದೇವಪ್ಪ ನೋಟೀಸು ಕೊಟ್ಟರು. ಕೈತಪ್ಪಿನಿಂದ ಆಯಿತು ಎಂದು ಅವಳು ಬರೆದುಕೊಟ್ಟಳು. ಹತ್ತೊಂಬತ್ತು ವರ್ಷದ ಮುಖ ನೋಡಿ ಅವರು ಕೆಲಸದಿಂದ ತೆಗೆಯಲಿಲ್ಲ, ಕಂಪ್ಯೂಟರನ್ನು ಮಾತ್ರ ಅವಳ ಟೇಬಲ್ಲಿನಿಂದ ತೆಗೆದರು. ಈಗ ಹೊಸದಾಗಿ ಬರುವವರಿಗೆ ಫಾರ್ಮು ಕೊಟ್ಟು, ತುಂಬಿದ್ದನ್ನು ಒಳಗೆ ಕಳಿಸುವುದಷ್ಟೇ ಅವಳ ಕೆಲಸ.

ಮೊನ್ನೆ ಶ್ರಾವಣದಲ್ಲಿ ಒಬ್ಬ ಹುಡುಗಿ ಬಂದಿದ್ದಳು. ಹೊಸ ಮದುಮಗಳು, ಕೈತುಂಬ ಹಸಿರು ಬಳೆ. ಗೆಳತಿಗೆ ಹೆರಿಗೆಯಲ್ಲಿ ಯಾರೋ ರಕ್ತ ಕೊಟ್ಟಿದ್ದರಂತೆ, ತಾನೂ ಕೊಡಬೇಕೆಂದು ಬಂದಿದ್ದಳು. ಫಾರ್ಮಿನಲ್ಲಿ ಫೋನಿನ ಮನೆಯ ತನಕ ತುಂಬಿ ಪೆನ್ನು ನಿಲ್ಲಿಸಿದಳು. ಸುತ್ತ ನೋಡಿ ಟೇಬಲ್ಲಿನ ಮೇಲೆ ಬಗ್ಗಿದಳು.

"ಅಕ್ಕಾರ, ಒಂದು ಮಾತ ಹೇಳ್ತೀನಿ. ನಮ್ಮ ಮನ್ಯಾಗ..."

"ಹೇಳಬ್ಯಾಡ" ಎಂದಳು ನಾಗರತ್ನಾ.

ಹುಡುಗಿ ಗಾಬರಿಯಾಗಿ ನೋಡಿದಳು.

"ಮನ್ಯಾಗ ಗೊತ್ತಾಗಬಾರ್ದು ಅಂದ್ರ ಕೊಡಬ್ಯಾಡ. ಇಲ್ಲಿ ಕೊಟ್ಟದ್ದು ಎಲ್ಲಾ ಕಡಿ ಹೋಗ್ತದ. ಮನಿಗಿ ಹೋಗು ತಂಗಿ."

ಒಳಗೆ ಪರ್ವೇಜ್ ಹಾಸಿಗೆ ಸಿದ್ಧ ಮಾಡಿ ಕಾಯುತ್ತಿದ್ದ. ಆ ವಾರ ನೆಗೆಟಿವ್ ಗುಂಪಿನ ಒಂದು ಬಾಟಲಿಯೂ ಫ್ರಿಜ್ಜಿನಲ್ಲಿರಲಿಲ್ಲ. ಹುಡುಗಿಯ ಗುಂಪು ಯಾವುದೆಂದು ನಾಗರತ್ನಾ ಕೇಳಲಿಲ್ಲ. ಫಾರ್ಮನ್ನು ನಾಲ್ಕು ತುಂಡು ಮಾಡಿ ಬುಟ್ಟಿಗೆ ಹಾಕಿದಳು. ಹುಡುಗಿ ಬಳೆ ಸದ್ದಾಗದ ಹಾಗೆ ಕೈ ಹಿಡಿದುಕೊಂಡು ಮೆಟ್ಟಿಲಿಳಿದು ಹೋದಳು.